ಮಗಳಿಗೊಂದು ಪತ್ರ: ಸದ್ದಾಮನ ಜಗಳ ನಮ್ಮೂರಿಗೂ ಬಂದಿತ್ತು

ಪ್ರೀತಿಯ ಮಗಳೇ,

ನೀನು ಕಳಿಸಿದ ವಾಯ್ಸ್ ಮೆಸೇಜ್ ಕೇಳಿದೆ. ಅಷ್ಟು ಸಿಟ್ಟು ಎಂತಕ್ಕೆ ಮಾರಾಯ್ತಿ? ಸೆಮಿನಾರಿಗೆ ಇರಾಕಿನ ಸರ್ವಾಧಿಕಾರಿ ಸದ್ದಾಮನನ್ನು ಇಳಿಸ್ಲಿಕ್ಕೆ ಅಮೆರಿಕ 2003ರಲ್ಲಿ ಮಾಡಿದ ಇರಾಕ್ ಯುದ್ಧ ತಪ್ಪು ಅಂತ ಟಾಪಿಕ್ ತಗೊಂಡದ್ದು ನೀನೇ, ರೂಮ್‌ಮೇಟ್ ಎದುರು ಪ್ರಾಕ್ಟೀಸ್ ಮಾಡ್ಲಿಕ್ಕೆ ಕೂತದ್ದೂ ನೀನೇ, ಅವಳು "ಹಾಗಾದ್ರೆ ಸದ್ದಾಮ್ ಇನ್ನೂ ಇರ್ಬೇಕಿತ್ತು ಅಂತಲಾ ನಿನ್ನ ಲೆಕ್ಕ" ಅಂತ ಕೇಳಿದ ಕೂಡ್ಲೇ ಮಾತು ಬಿಟ್ಟದ್ದು ಯಾವ ನ್ಯಾಯ ಅಂತ ನಂಗೆ ಅರ್ಥ ಆಗ್ಲಿಲ್ಲ. ಫೋನಲ್ಲೇ ಹೇಳುವಾ ಅಂದ್ರೆ ತೋಟದ ಬದಿ ರೇಂಜ್ ಇಲ್ಲ, ಮನೆಯೊಳಗೆ ನಿನ್ನ ಅಪ್ಪ ನಡುವೆ ಬಾಯಿ ಹಾಕ್ತಾರೆ. ಅದಕ್ಕೆ ಬರೀತಿದ್ದೇನೆ, ಉದ್ದ ಆಗ್ತದೆ, ಊಟ ಆದ್ಮೇಲೆ ಓದು.

ಅವಳು ಕೇಳಿದ್ದು ಸುಮ್ಮನೆ ತಳ್ಳಿ ಹಾಕುವ ಪ್ರಶ್ನೆ ಅಲ್ಲ. 1988ರ ಮಾರ್ಚ್ 16ಕ್ಕೆ ಉತ್ತರ ಇರಾಕಿನ ಹಲಬ್ಜ ಅನ್ನುವ, ಕುರ್ದ ಜನಾಂಗದವ್ರ ಪೇಟೆ ಮೇಲೆ ಸದ್ದಾಮನ ವಿಮಾನಗಳು ವಿಷಾನಿಲ ಸುರಿದು ಹತ್ರಹತ್ರ 5 ಸಾವಿರ ಜನ ಸತ್ರು, ಮಗುವನ್ನು ಎತ್ತಿಕೊಂಡ ಹಾಗೇ ಬಾಗಿಲ ಹತ್ರ ಬಿದ್ದವ್ರು ಉಂಟು. ಅಲ್ಲಿಯ ಒಬ್ಬ ತಾಯಿ ನಿನ್ನೆದುರು ನಿಂತು "ನಿಮ್ಗೆ ಯುದ್ಧ ಬೇಡ, ಸರಿ, ನಮ್ಗೆ ಮತ್ತೆಂತ ದಾರಿ ಇತ್ತು ಹೇಳಿ" ಅಂತ ಕೇಳಿದ್ರೆ ಅವಳ ಹತ್ರವೂ ಮಾತು ಬಿಡ್ತೀಯಾ? ಆದ್ರೆ ಆ ಪ್ರಶ್ನೆಯನ್ನು ಅಲ್ಲಿಗೇ ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಆ ಸಮಯದಲ್ಲಿ ಅಮೆರಿಕ ಯಾರ ಜೊತೆ ಇತ್ತು ಅಂತ ನೀನು ತಿರುಗಿ ಕೇಳ್ಬೇಕಿತ್ತು. ಆಗ ಇರಾನ್ ಇರಾಕ್ ಯುದ್ಧ, ಇರಾನ್ ಸೋಲ್ಬೇಕು ಅಂತ ಸದ್ದಾಮನ ಬೆನ್ನಿಗೆ ನಿಂತಿದ್ರು, 1983ರ ಡಿಸೆಂಬರಲ್ಲಿ ಬಾಗ್ದಾದಿಗೆ ಹೋಗಿ ಅವನ ಕೈ ಕುಲುಕಿ ಬಂದ ರಮ್ಸ್‌ಫೆಲ್ಡೇ ಮತ್ತೆ 2003ರಲ್ಲಿ ಅವನನ್ನು ಇಳಿಸುವ ಅಮೆರಿಕದ ರಕ್ಷಣಾ ಮಂತ್ರಿ. 1991ರಲ್ಲಿ ಅಮೆರಿಕದ ಅಧ್ಯಕ್ಷ ದೊಡ್ಡ ಬುಷ್ "ನೀವೇ ಎದ್ದು ಇವನನ್ನು ಓಡಿಸಿ" ಅಂತ ಇರಾಕಿನವ್ರಿಗೆ ಹೇಳಿ, ದಕ್ಷಿಣದಲ್ಲಿ ಶಿಯಾಗಳು ಉತ್ತರದಲ್ಲಿ ಕುರ್ದರು ನಿಜವಾಗಿಯೂ ಎದ್ದಾಗ ಪಕ್ಕದಲ್ಲೇ ಇದ್ದ ಅಮೆರಿಕದ ಸೈನ್ಯ ನೋಡ್ತಾ ನಿಂತಿತ್ತು, ಸದ್ದಾಮನ ಕಡೆಯವ್ರು ಹೆಲಿಕಾಪ್ಟರ್ ಬಿಟ್ಟು ಕೊಂದ್ರು. ಕೊಲ್ತಾ ಇದ್ದಾಗ ಬಾರದವ್ರು ಹನ್ನೆರಡು ವರ್ಷ ಕಳೆದು ಬಂದದ್ದು ಅಣು, ರಾಸಾಯನಿಕ ಅಂತ ಇಲ್ಲದ ಆಯುಧದ ಕತೆ ಹೇಳ್ಕೊಂಡು.

ಇನ್ನು ನಮ್ಮೂರಿನ ಕತೆ ಹೇಳ್ತೇನೆ, ಯಾಕಂದ್ರೆ ಈ ಜಗಳ ಇಲ್ಲಿಯೂ ಆಗಿದೆ, ನೀನಾಗ ತೊಟ್ಟಿಲಲ್ಲಿ.

2003ರ ಮಾರ್ಚ್ 20ಕ್ಕೆ ಬಾಂಬ್ ಬೀಳ್ಲಿಕ್ಕೆ ಶುರುವಾಗುವಾಗ ನಮ್ಗೆ ಪರೀಕ್ಷೆಯ ಸಮಯ. ಕಾಸರಗೋಡಿನ ಬದಿಯಡ್ಕದ ಆಚೆ ನಾನಿದ್ದ ಶಾಲೆಯ ಸ್ಟಾಫ್‌ರೂಮಲ್ಲಿ ಪ್ರಶ್ನೆಪತ್ರಿಕೆ ಕಟ್ಟು ಬಿಚ್ಚುದಕ್ಕಿಂತ ಜಾಸ್ತಿ ಬುಷ್ ಸದ್ದಾಮ್ ಮಾತೇ. ಗಣಿತದ ಮಾಸ್ಟ್ರು ಪಕ್ಕಾ ಕಮ್ಯುನಿಸ್ಟ್, ಅವ್ರಿಗೆ ಸದ್ದಾಮ್ ಅಂದ್ರೆ ಸಾಮ್ರಾಜ್ಯಶಾಹಿಗೆ ಎದೆಯೊಡ್ಡಿ ನಿಂತವ. ಅರಬಿ ಕಲಿಸುವವ್ರಿಗೆ ಪಾಪ, ಕೇಳಿದ್ರೆ "ಅವ ಒಳ್ಳೆಯವ ಅಂತ ನಾನು ಹೇಳ್ಲಿಲ್ಲ ಟೀಚರೇ" ಅಂತಿದ್ರು, ಆದ್ರೆ ಟಿವಿಯಲ್ಲಿ ಬಾಗ್ದಾದ್ ಉರಿಯುದು ನೋಡಿ ಅವ್ರಿಗೆ ಊಟ ಸೇರ್ತಿರ್ಲಿಲ್ಲ. ಪಿ.ಟಿ. ಮಾಸ್ಟ್ರು ಬುಷ್ ಪಾರ್ಟಿ. ಯಾಕೆ ಅಂತ ಕೇಳಿದ್ರೆ ಕಾರಣ ಇರಾಕಲ್ಲಿ ಇಲ್ಲ, ಪಕ್ಕದ ಕುರ್ಚಿಯಲ್ಲಿ ಕೂತವ್ರಿಗೆ ಬೇಸರ ಆಗ್ತದಲ್ಲ, ಅದೇ ಕಾರಣ. ಏಪ್ರಿಲ್ 8ಕ್ಕೆ ನಮ್ಮ ಲೋಕಸಭೆಯೇ ಒಮ್ಮತದಿಂದ ಆ ಯುದ್ಧದ ವಿರುದ್ಧ ನಿರ್ಣಯ ಮಾಡಿತು, ಮತ್ತೆ ಜುಲೈ 14ಕ್ಕೆ ಅಮೆರಿಕ ಕೇಳಿದ ಸೈನ್ಯ ಕಳಿಸುದಿಲ್ಲ, ವಿಶ್ವಸಂಸ್ಥೆ ಹೇಳ್ಬೇಕು ಅಂತ ವಾಜಪೇಯಿ ಸರ್ಕಾರ ಹೇಳಿತು. ಆವತ್ತಿನಿಂದ ಪಿ.ಟಿ. ಮಾಸ್ಟ್ರು "ನಾನು ಮೊದ್ಲೇ ಹೇಳಿದ್ದಲ್ವಾ" ಅಂತ ಶುರು ಮಾಡಿದ್ರು! ಒಟ್ರಾಸಿ ಎಲ್ಲರೂ ಬಾಗ್ದಾದಿನ ಹೆಸರು ಹೇಳಿ ಬದಿಯಡ್ಕದ ಜಗಳ ಮಾಡಿದ್ದು.

ಗಣಿತದ ಮಾಸ್ಟ್ರ ಹತ್ರ ನಾನು ಕೇಳಿದ್ದೆ, ಮಾಸ್ಟ್ರೇ 1978ರಲ್ಲಿ ಇರಾಕಿನ ಕಮ್ಯುನಿಸ್ಟರನ್ನು ಸಾಲಾಗಿ ಗಲ್ಲಿಗೆ ಹಾಕಿದ್ದು ಸದ್ದಾಮನ ಇದೇ ಬಾತ್ ಪಾರ್ಟಿ ಅಲ್ವಾ ಅಂತ. ಅವ್ರು ಚಹಾ ಕುಡಿದು ಎದ್ದು ಹೋದ್ರು. ನಿನ್ನ ಸೆಮಿನಾರಿಗೆ ಇದು ಬೇಕಾಗ್ತದೆ ನೋಡು: ಇರಾಕಿನ ಕಮ್ಯುನಿಸ್ಟ್ ಪಕ್ಷ ಆಗ ಹೇಳಿದ್ದು ಯುದ್ಧವೂ ಬೇಡ, ಸರ್ವಾಧಿಕಾರವೂ ಬೇಡ ಅಂತ. ಯುದ್ಧ ಮುಗಿದ್ಮೇಲೆ ಅಮೆರಿಕದವ್ರು ಕಟ್ಟಿದ ಆಡಳಿತ ಮಂಡಳಿಯಲ್ಲಿ ಅವ್ರೇ ಹೋಗಿ ಕೂತದ್ದೂ ಹೌದು. ಸರಿಯಾ ತಪ್ಪಾ ಅಂತ ಅವ್ರವ್ರಲ್ಲೇ ಜಗಳ ಇರ್ಬಹುದು, ಆದ್ರೆ ಸದ್ದಾಮನ ಜೈಲಿಗೆ ಹೋಗಿ ಬಂದವ್ರು ಎರಡೂ ಬೇಡ ಅನ್ನುವಾಗ ಇಲ್ಲಿ ತಾಳಿಪಡ್ಪಿನಲ್ಲಿ ನಿಂತು ನಾವು ಒಂದನ್ನು ಆರಿಸ್ಲೇಬೇಕು ಅಂತ ಹಟ ಹಿಡಿಯುದು ಎಂತಕ್ಕೆ?

ಕುವೈತ್ ಇಚ್ಚನನ್ನು ನಿಂಗೆ ಗೊತ್ತಲ್ಲ, ಕೆಳಗಿನ ಮನೆ, ನಿನ್ನ ಯೂನಿಫಾರ್ಮ್ ಎಲ್ಲ ಹೊಲಿದು ಕೊಡ್ತಿದ್ದವ್ರು. ಅವ್ರಿಗೆ ಕುವೈತಿನ ಸಾಲ್ಮಿಯಾದಲ್ಲಿ ಸ್ವಂತ ಟೈಲರ್ ಅಂಗಡಿ ಇತ್ತು. 1990ರ ಆಗಸ್ಟ್ 2ಕ್ಕೆ ಸದ್ದಾಮನ ಸೈನ್ಯ ಕುವೈತಿಗೆ ನುಗ್ಗಿತಲ್ಲ, ಅಂಗಡಿಯ ಬಟ್ಟೆ ಥಾನು ಥಾನೇ ಟ್ರಕ್ಕಿಗೆ ಹಾಕ್ಕೊಂಡು ಹೋದ್ರಂತೆ, ಮೆಶಿನ್ ಮಾತ್ರ ಬಿಟ್ರು. ಎರಡು ದಿನ ಕಳೆದು ಒಬ್ಬ ಇರಾಕಿ ಸಿಪಾಯಿ ಹುಡುಗ, ಮೀಸೆ ಸರಿಯಾಗಿ ಬಂದಿರ್ಲಿಲ್ಲ ಅಂತೆ, ಬಂದೂಕು ಗೋಡೆಗೆ ಒರಗಿಸಿಟ್ಟು ಒಂದು ತುಂಡು ಬಟ್ಟೆ ಕೊಟ್ಟು ಪ್ಯಾಂಟ್ ಹೊಲಿದು ಕೊಡು ಅಂದ. ಸಾದಾ ಪ್ಯಾಂಟ್. ಯಾಕೆ ಅಂದ್ರೆ ಆಚೆ ಈಚೆ ನೋಡಿ, ಯೂನಿಫಾರ್ಮಲ್ಲಿ ಓಡಿದ್ರೆ ಕೊಲ್ತಾರೆ, ನಂಗೆ ಬಸ್ರಾಕ್ಕೆ ಅಮ್ಮನ ಹತ್ರ ಹೋಗ್ಬೇಕು ಅಂದನಂತೆ. ಇಚ್ಚ ಅಳತೆ ತೆಗೆಯುವಾಗ ಅವನ ಸೊಂಟ ನಮ್ಮ ಎಂಟನೇ ಕ್ಲಾಸ್ ಮಕ್ಕಳ ಹಾಗೆ, ಇಪ್ಪತ್ತೈದು ಇಂಚು ಇರ್ಲಿಲ್ಲ ಅಂತ ಈಗ್ಲೂ ಬೆರಳಲ್ಲಿ ತೋರಿಸ್ತಾರೆ. ರಾತ್ರಿ ಕೂತು ಹೊಲಿದು ಕೊಟ್ರು, ದುಡ್ಡು ತಗೊಳ್ಲಿಲ್ಲ. ಹುಡುಗ ಊರು ಮುಟ್ಟಿದನಾ ಇಲ್ವಾ ಯಾರಿಗೆ ಗೊತ್ತು.

ಇಚ್ಚ ಬಂದದ್ದು ಬಸ್ಸಲ್ಲಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್ ಗಡಿಯ ಮರಳಲ್ಲಿ ಡೇರೆಯಲ್ಲಿ ಬಿದ್ದುಕೊಂಡು, ಮತ್ತೆ ಅಮ್ಮಾನಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಹಾಗೆ ತಂದದ್ದು ಸುಮಾರು 1 ಲಕ್ಷ 70 ಸಾವಿರ ಜನರನ್ನು, ಅದರಲ್ಲಿ ಕಾಸರಗೋಡಿನವ್ರು ಎಷ್ಟೋ. ಕೊಂಕಣ ರೈಲು ಆಗ ಇರ್ಲಿಲ್ಲ, ಬೊಂಬಾಯಿಂದ ಬಸ್ಸಲ್ಲಿ ಮಂಗಳೂರಿಗೆ ಬಂದು ಇಳಿಯುವಾಗ ಕೈಯಲ್ಲಿ ಒಂದು ಕತ್ತರಿ ಮಾತ್ರ ಇದ್ದದ್ದು.

ಅಂಥ ಇಚ್ಚ 2003ರಲ್ಲಿ ಸದ್ದಾಮ್ ಹಾಳಾಗಿ ಹೋಗ್ಲಿ ಅಂತ ಖುಷಿ ಪಡ್ಬೇಕಿತ್ತಲ್ಲ, ನಾನು ಹಾಗೇ ಕೇಳಿದೆ ಕೂಡ. ಅವ್ರು ಹೇಳಿದ್ದು ಪರಿಹಾರದ ದುಡ್ಡಿನ ವಿಷಯ. ಕುವೈತಿಂದ ಓಡಿ ಬಂದವ್ರಿಗೆ ವಿಶ್ವಸಂಸ್ಥೆ ಒಂದು ಪರಿಹಾರ ಆಯೋಗ ಮಾಡಿತ್ತು, ಜಿನೀವಾದಲ್ಲಿ, ಒಬ್ಬಂಟಿ ಆಗಿದ್ದವ್ರಿಗೆ ಹೆಚ್ಚಂದ್ರೆ 4,000 ಡಾಲರ್, ಕುಟುಂಬಕ್ಕೆ 8,000. ಫಾರ್ಮ್ ತುಂಬಿಸಿ ವರ್ಷಗಟ್ಟಲೆ ಕಾದು ಕೊನೆಗೆ ಬಂತು, ಅದರಲ್ಲೇ ಆ ಬಾವಿ ಮತ್ತೆ ಮುಂದಿನ ಕೋಣೆ. ಅದು ಸದ್ದಾಮನ ಕಿಸೆಯಿಂದ ಬಂದದ್ದಲ್ಲ ಮಗಳೇ. ಇರಾಕಿನ ಎಣ್ಣೆ ಮಾರಿದ ದುಡ್ಡಲ್ಲಿ ನೂರಕ್ಕೆ 30 ರೂಪಾಯಿ ಮೊದ್ಲೇ ಆ ಆಯೋಗಕ್ಕೆ ಹಿಡೀತಿದ್ರು, ಇರಾಕಿನ ಮೇಲೆ ವಿಶ್ವಸಂಸ್ಥೆ ಹಾಕಿದ ವ್ಯಾಪಾರ ದಿಗ್ಬಂಧನದ ಸಮಯದಲ್ಲಿ, ಅಲ್ಲಿಯ ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಮದ್ದಿಲ್ಲ ಅನ್ನುವ ಸಮಯದಲ್ಲಿ. ಸದ್ದಾಮ್ ಅರಮನೆಗಳು ಮಾತ್ರ ಕಟ್ತಾನೇ ಇದ್ದ. ಇರಾಕ್ ಆ ಲೆಕ್ಕ ಪೂರ್ತಿ ತೀರಿಸಿದ್ದು 2022ಕ್ಕೆ, ಒಟ್ಟು 5,240 ಕೋಟಿ ಡಾಲರ್. ಸದ್ದಾಮ್ ಸತ್ತು ಹದಿನೈದು ವರ್ಷ ಆದ್ರೂ ಕಟ್ತಾ ಇದ್ರು. ಇಚ್ಚ ಹೇಳಿದ್ದು ಇಷ್ಟೇ, ಅಂಗಡಿ ತಿಂದದ್ದು ಅವ, ದುಡ್ಡು ಕೊಟ್ಟದ್ದು ಆ ಪ್ಯಾಂಟಿನ ಹುಡುಗನ ಮನೆಯವ್ರು, ಈಗ ಬಾಂಬ್ ಬೀಳುದೂ ಅವ್ರ ಮೇಲೆಯೇ.

ಬಾಂಬಿಗಿಂತ ನಂಗೆ ಜಾಸ್ತಿ ತಲೆಯಲ್ಲಿ ಉಳಿದದ್ದು ಆಮೇಲಿನದ್ದು. ಏಪ್ರಿಲ್ 9ಕ್ಕೆ ಫಿರ್ದೋಸ್ ಚೌಕದಲ್ಲಿ ಮೂರ್ತಿ ಬೀಳಿಸುದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ವಲ್ಲ, ಒಬ್ಬ ಸಿಪಾಯಿ ಮೂರ್ತಿಯ ಮುಖಕ್ಕೆ ಅಮೆರಿಕದ ಬಾವುಟ ಸುತ್ತಿ, ಯಾರೋ ಬೇಡ ಅಂದ್ರೋ ಏನೋ ತೆಗೆದು ಇರಾಕಿಂದು ಹಾಕಿದ, ಆಗ್ಲೇ ಗೊತ್ತಾಗ್ಬೇಕಿತ್ತು ಎಂತ ಪ್ಲ್ಯಾನ್ ಉಂಟು ಅಂತ. ಮೇ ತಿಂಗಳಲ್ಲಿ ಇರಾಕನ್ನು ಆಳ್ಲಿಕ್ಕೆ ಅಮೆರಿಕ ಕಳಿಸಿದ ಬ್ರೆಮರ್ ಅಂತ ಒಬ್ಬ ಬಂದು ಒಂದನೇ ಆದೇಶ ಹೊರಡಿಸಿ ಬಾತ್ ಪಾರ್ಟಿಯ ಮೇಲಿನ ಹಂತದವ್ರನ್ನೆಲ್ಲ ಸರ್ಕಾರಿ ಕೆಲಸದಿಂದ ತೆಗೆದ, ಎರಡನೇ ಆದೇಶದಲ್ಲಿ ಸೈನ್ಯವನ್ನೇ ವಿಸರ್ಜನೆ ಮಾಡಿದ. ಬಂದೂಕು ಕೈಯಲ್ಲಿದ್ದ ಲಕ್ಷಗಟ್ಟಲೆ ಗಂಡಸರು ಒಂದೇ ವಾರದಲ್ಲಿ ಸಂಬಳ ಇಲ್ಲದವ್ರು. ಅದರ ಫಲ ಎಂತ ಅಂತ ನಿನ್ನ ಸಿಲೆಬಸ್ಸಲ್ಲೇ ಉಂಟು. ನಾನು ಟೀಚರ್ ಆದ ಕಾರಣ ನಂಗೆ ಹೊಟ್ಟೆ ಉರಿದದ್ದು ಒಂದನೇ ಆದೇಶಕ್ಕೆ. ಅದರಲ್ಲಿ ಸಾವಿರಾರು ಶಾಲೆ ಮಾಸ್ಟ್ರುಗಳು ಟೀಚರುಗಳು ಮನೆಗೆ ಹೋದ್ರು. ಅವ್ರೆಲ್ಲ ಕೊಲೆಗಡುಕರಾ? ಪಾರ್ಟಿ ಕಾರ್ಡ್ ಇಲ್ಲದೆ ಪ್ರಮೋಷನ್ ಇಲ್ಲ ಅಂತ ಹೆಸರು ಬರೆಸಿದವ್ರು ಎಷ್ಟು ಜನ ಇರ್ಲಿಕ್ಕಿಲ್ಲ. ನಮ್ಮಲ್ಲಿ ಯೂನಿಯನ್ ಚಂದಾ ಕೊಡದೆ ಮನೆ ಹತ್ರ ಟ್ರಾನ್ಸ್‌ಫರ್ ಸಿಗ್ಲಿಕ್ಕುಂಟಾ, ನಾನೇ ಎರಡು ಯೂನಿಯನಿಗೂ ರಶೀದಿ ಹರಿಸಿದವಳು, ನಾಳೆ ಯಾರೋ ಹೆಲಿಕಾಪ್ಟರಲ್ಲಿ ಇಳಿದು ಚಂದಾ ಪುಸ್ತಕ ನೋಡಿ ನಿನ್ನ ಅಮ್ಮನನ್ನು ಡಿಸ್ಮಿಸ್ ಮಾಡಿದ್ರೆ ಹೇಗೆ! ನಗಾಡ್ಬೇಡ, ಅದರಿಂದ ಎಷ್ಟು ಕ್ಲಾಸ್ ರೂಮುಗಳು ಖಾಲಿ ಆದವು ಅಂತ ಯೋಚನೆ ಮಾಡು.

ಸರ್ವಾಧಿಕಾರಿಯನ್ನು ಇಳಿಸ್ಲಿಕ್ಕೆ ಮಾಡಿದ ಯುದ್ಧ ಎಲ್ಲಾ ಒಂದೇ ಅಂತ ಮಾತ್ರ ಸ್ಟೇಜಲ್ಲಿ ಹೇಳಿ ಸಿಕ್ಕಿ ಬೀಳ್ಬೇಡ. 1979ರಲ್ಲಿ ವಿಯೆಟ್ನಾಂ ಹೋಗಿ ಕಾಂಬೋಡಿಯಾದ ಪೋಲ್ ಪಾಟನ್ನು ಓಡಿಸಿತು, ಅದೇ ವರ್ಷ ತಾಂಜಾನಿಯಾ ಹೋಗಿ ಉಗಾಂಡದ ಇದಿ ಅಮೀನನ್ನು ಓಡಿಸಿತು. ಆ ಇಬ್ರೂ ಮೊದ್ಲು ಪಕ್ಕದ ದೇಶದ ಮೇಲೆ ಕೈ ಮಾಡಿದವ್ರು. ಆಗ ಮಜಾ ಎಂತ ಅಂದ್ರೆ ವಿಯೆಟ್ನಾಂ ಮಾಡಿದ್ದು ಅಕ್ರಮ ಅಂತ ಅಮೆರಿಕವೇ ಬೊಬ್ಬೆ ಹೊಡೆದು, ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಕುರ್ಚಿ ಪೋಲ್ ಪಾಟನ ಕಡೆಯವ್ರಿಗೇ ಉಳಿಯಿತು. 1980ರಲ್ಲಿ ಇಂದಿರಾ ಗಾಂಧಿ ಹೊಸ ಸರ್ಕಾರಕ್ಕೆ ಮಾನ್ಯತೆ ಕೊಟ್ರು, ನನ್ನ ಪ್ರಕಾರ ಅವ್ರು ಮಾಡಿದ ಒಳ್ಳೆ ಕೆಲಸಗಳಲ್ಲಿ ಅದೂ ಒಂದು, ನಿನ್ನ ಅಪ್ಪ ಒಪ್ಪುದಿಲ್ಲ.

ಇನ್ನು ಆ ಗಲ್ಲಿನ ದಿನ. 2006ರ ಡಿಸೆಂಬರ್ 30, ಶನಿವಾರ. ಅಜ್ಜಿಯನ್ನು ನೋಡಿ ಮಂಗಳೂರಿಂದ ಬರ್ತಿದ್ದೆ, ನೀನು ಸೊಂಟದಲ್ಲಿ. ಕೇರಳದ ಗಡಿ ತಲಪಾಡಿಯಲ್ಲಿ ಬಸ್ಸಿನವ ಇಳೀರಿ ಇಳೀರಿ ಅಂದ, ಸದ್ದಾಮನನ್ನು ಗಲ್ಲಿಗೆ ಹಾಕಿದ್ದಕ್ಕೆ ಕೇರಳದಲ್ಲಿ ಎಡರಂಗದ (ಎಲ್‌ಡಿಎಫ್) ಹರತಾಳ. ಗಡಿಯ ಆಚೆ ಎಳನೀರು, ಬಸ್ಸು, ಜನ ಎಲ್ಲ ಉಂಟು, ಈಚೆ ನಾಯಿಯೂ ಇಲ್ಲ. ನಿನ್ನನ್ನು ಎತ್ತಿಕೊಂಡು ನಡೆದು ನಡೆದು ಸೊಂಟ ಬಿದ್ದು ಹೋಯ್ತು, ಕೊನೆಗೆ ಮದುವೆ ಪಾರ್ಟಿ ಅಂತ ಕಾಗದ ಅಂಟಿಸಿದ ಒಂದು ಜೀಪಿನವ ಹತ್ತಿಸಿಕೊಂಡ, ಅದರಲ್ಲಿ ಮದುವೆಗೆ ಹೋಗುವವ್ರು ಒಬ್ರೂ ಇರ್ಲಿಲ್ಲ ಬಿಡು. ಹೊಸಂಗಡಿಯಲ್ಲಿ ಟಯರ್ ಉರಿಸ್ತಿದ್ದ ಹುಡುಗರನ್ನು ನೋಡಿ ನಂಗೆ ಸಿಟ್ಟು ಬಂದದ್ದು ಹೌದು, ಆದ್ರೆ ಆ ಗಲ್ಲಿನಲ್ಲಿಯೂ ನ್ಯಾಯ ಇರ್ಲಿಲ್ಲ. ಅವನನ್ನು ಗಲ್ಲಿಗೆ ಹಾಕಿದ್ದು 1982ರಲ್ಲಿ ದುಜೈಲ್ ಅನ್ನುವ ಊರಿನ 148 ಜನರನ್ನು ಕೊಂದ ಕೇಸಲ್ಲಿ. ಕುರ್ದರನ್ನು ಕೊಂದ ಕೇಸ್ ಕೋರ್ಟಲ್ಲಿ ಅರ್ಧದಲ್ಲಿತ್ತು, ಇವ ಸತ್ತ ಅಂತ ಅವನ ಹೆಸರು ಅದರಿಂದ ತೆಗೆದು ಹಾಕಿದ್ರು. ಹಲಬ್ಜದವ್ರಿಗೆ ಸದ್ದಾಮನ ಮೇಲಿನ ತೀರ್ಪು ಕೇಳ್ಲಿಕ್ಕೇ ಸಿಗ್ಲಿಲ್ಲ. ಇದನ್ನು ನಿನ್ನ ರೂಮ್‌ಮೇಟಿಗೆ ಹೇಳು, ಅವಳಿಗೆ ಕುರ್ದರ ಮೇಲೆ ನಿಜವಾಗಿ ಕಾಳಜಿ ಇದ್ರೆ ಅವಳಿಗೂ ಇದು ಚುಚ್ಚಬೇಕು.

ಸೆಮಿನಾರ್ ಆದ್ಮೇಲೆ ಅವಳನ್ನು ಊರಿಗೆ ಕರ್ಕೊಂಡು ಬಾ. ಇಚ್ಚನ ಹತ್ರ ಕೂರಿಸ್ತೇನೆ, ಅವ್ರಿಗೆ ಅರಬಿಯಲ್ಲಿ ಬೈಯ್ಲಿಕ್ಕೂ ಬರ್ತದೆ, ಕನ್ನಡದಲ್ಲಿ ಸಮಾಧಾನ ಹೇಳ್ಲಿಕ್ಕೂ ಬರ್ತದೆ. ಈಗ ಕಿವಿ ಸ್ವಲ್ಪ ಮಂದ, ಜೋರು ಮಾತಾಡ್ಬೇಕು, ಅದು ನಿಮ್ಮಿಬ್ರಿಗೂ ಕಷ್ಟ ಇಲ್ಲ ಅಂತ ಕಾಣ್ತದೆ. ಪತ್ರೊಡೆ ಅವಳು ತಿಂತಾಳಾ ಕೇಳು.

ನಿನ್ನ
ಅಮ್ಮ