ಬಾದಾಮಿಯ ಗುಡ್ಡಗಳಿಗೂ ಮರುಭೂಮಿಯ ನಿಯಮ ಬೇಕು

ಮಾನ್ಯರೆ,

ಚಳಿಗಾಲ ಶುರುವಾದೊಡನೆ ಬಾದಾಮಿಗೆ ಪ್ರವಾಸಿಗರ ಸಾಲು ಶುರುವಾಗುತ್ತದೆ. ಮೇಣಬಸದಿ ಎನ್ನುವ ಗುಹಾದೇವಾಲಯಗಳನ್ನು ನೋಡಿ ಮರಳುವವರ ನಡುವೆ ಕೋಟೆಗುಡ್ಡ ಹತ್ತುವವರು, ಸಿಡಿಲಫಡಿಯ ಕಲ್ಲಿನ ಕಮಾನು ಹುಡುಕಿ ಹೊರಡುವವರು, ಮಹಾಕೂಟದ ದೇವಾಲಯಗಳಿಗೆ ಕಾಲುದಾರಿ ಹಿಡಿಯುವವರೂ ಇದ್ದಾರೆ. ಇವರಲ್ಲಿ ಬಹಳಷ್ಟು ಜನ ಅರ್ಧ ಲೀಟರ್ ಬಾಟಲಿ ಮತ್ತು ರಬ್ಬರ್ ಚಪ್ಪಲಿಯ ಭರವಸೆಯಲ್ಲಿ, ಅದೂ ಹೊತ್ತು ನೆತ್ತಿಗೇರುವ ವೇಳೆಗೆ, ಗುಡ್ಡಕ್ಕೆ ಕಾಲಿಡುತ್ತಾರೆ. ಎಚ್ಚರಿಸುವ ಒಂದು ಫಲಕವೂ ದಾರಿಯ ಬಾಯಲ್ಲಿ ಅವರಿಗೆ ಸಿಗುವುದಿಲ್ಲ.

ಮಳೆಯ ಲೆಕ್ಕದಲ್ಲಿ ನಮ್ಮದು ಮರುಭೂಮಿಯಲ್ಲ, ನಿಜ. ವರ್ಷಕ್ಕೆ 600 ಮಿಲಿಮೀಟರ್ ಒಳಗಾದರೂ ಮಳೆ ಬೀಳುತ್ತದೆ. ಆದರೆ ಗುಡ್ಡದ ನೆತ್ತಿಯಲ್ಲಿ ಅದನ್ನು ಹಿಡಿದಿಡಲು ಮಣ್ಣೇ ಇಲ್ಲ. ಬೀಳುವ ನೀರೆಲ್ಲ ಬಂಡೆಯ ಮೇಲೆ ಹರಿದು ಕೆರೆ ಸೇರುತ್ತದೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಅಕ್ಕ-ತಂಗಿ ಜಲಪಾತವೂ ಸೊರಗುತ್ತದೆ. ಉಳಿಯುವುದು ಬತ್ತಲೆ ಮರಳುಗಲ್ಲು, ಕುರುಚಲು ಗಿಡ, ಮುಳ್ಳು. ಕಲ್ಲು ಹತ್ತು ಗಂಟೆಗೆಲ್ಲ ಕಾಯುತ್ತದೆ, ಸಂಜೆಯವರೆಗೂ ಆ ಕಾವನ್ನು ಬಿಡುವುದಿಲ್ಲ. ಮೇಲಿನ ಬಿಸಿಲಿಗೆ ಕೆಳಗಿನ ಝಳವೂ ಸೇರುತ್ತದೆ. ಅಲ್ಲಿ ನಡೆಯುವವನ ದೇಹಕ್ಕೆ ಅದು ಮರುಭೂಮಿಯೇ. ಆದ್ದರಿಂದ ಮರುಭೂಮಿಯ ಉದ್ಯಾನಗಳಲ್ಲಿ ಇರುವ ಶಿಸ್ತು ಇಲ್ಲಿಗೂ ಬರಬೇಕು.

ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ಉದ್ಯಾನದಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 10ರ ನಂತರ ತಗ್ಗು ಪ್ರದೇಶದಲ್ಲಿ ನಡೆಯಬೇಡಿ ಎಂದು ಎಚ್ಚರಿಸುತ್ತಾರೆ. ಅದೇ ರಾಜ್ಯದ ಜೋಶುವಾ ಟ್ರೀ ಉದ್ಯಾನದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರು ಜತೆಗಿರಲಿ ಎನ್ನುತ್ತಾರೆ. ಈ ಎರಡು ಸಂಖ್ಯೆಗಳನ್ನು, 10 ಗಂಟೆ ಮತ್ತು 4 ಲೀಟರ್ ಎಂದು, ಬಾದಾಮಿಯ ಪ್ರತಿ ಕಾಲುದಾರಿಯ ಆರಂಭದಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆಸಿದರೆ ಅರ್ಧ ಅನಾಹುತ ತಪ್ಪುತ್ತದೆ.

ಒಂದು ದಿನದ ಪ್ರವಾಸವನ್ನು ಜನ ಹೊಂದಿಸಿಕೊಳ್ಳುವ ಕ್ರಮವೇ ತಲೆಕೆಳಗು. ಬೆಳಗಿನ ತಂಪಿನಲ್ಲಿ ಗುಹೆಗಳನ್ನು ಮುಗಿಸಿ, ಊಟದ ಮುಂಚೆ ಒಮ್ಮೆ ಗುಡ್ಡ ಎಂದು ಹೊರಡುತ್ತಾರೆ. ಗುಹೆಗಳು ಬಹುಪಾಲು ಉತ್ತರಕ್ಕೆ ಮುಖ ಮಾಡಿವೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನಡುಮಧ್ಯಾಹ್ನವೂ ಅಲ್ಲಿ ನೆರಳಿರುತ್ತದೆ. ಚಾಲುಕ್ಯ ವಂಶದ ಮಂಗಳೇಶ ಬರೆಸಿದ, 578ರ ಶಾಸನವಿರುವ ಮೂರನೆಯ ಗುಹೆಯನ್ನು ನೋಡಲು ಮಧ್ಯಾಹ್ನವನ್ನೇ ಮೀಸಲಿಡಬಹುದು. ವಸ್ತುಸಂಗ್ರಹಾಲಯವೂ ಆ ಹೊತ್ತಿಗೇ ಸರಿ. ಶುಕ್ರವಾರ ಮಾತ್ರ ಅದಕ್ಕೆ ರಜೆ. ಭೂತನಾಥ ದೇವಾಲಯ ಕೆರೆಯ ಮೂಡಣ ದಡದಲ್ಲಿದೆ, ಪಡುವಣ ಬೆಳಕು ನೇರ ಅದರ ಮೇಲೆ ಬೀಳುವುದರಿಂದ ಅದು ಸಂಜೆಗಿರಲಿ. ಹಾಗಾಗಿ ಬೆಳಿಗ್ಗೆ 6ರಿಂದ 10ರವರೆಗಿನ ಹೊತ್ತು ಪೂರ್ತಿ ಗುಡ್ಡದ್ದು. ಬೆಳಗಾವಿ, ವಿಜಯಪುರದ ಕಡೆಯವರು ಹಿಂದಿನ ರಾತ್ರಿಯೇ ಬಂದು ಉಳಿಯುವುದು ಒಳ್ಳೆಯದು. ಹತ್ತಕ್ಕೆ ಬಂದಿಳಿದವರು ಆ ದಿನ ಗುಡ್ಡವನ್ನು ಕೈಬಿಟ್ಟು ಗುಹೆ, ಕೆರೆ, ಬನಶಂಕರಿ ನೋಡಿಕೊಳ್ಳಲಿ. ಪಟ್ಟದಕಲ್ಲು, ಐಹೊಳೆಯನ್ನೂ ಅದೇ ದಿನಕ್ಕೆ ತುರುಕಿದರೆ ಯಾವುದನ್ನೂ ನೋಡಿದಂತಾಗುವುದಿಲ್ಲ.

ಸಿಡಿಲಫಡಿ ಊರಿನಿಂದ ಸುಮಾರು 4 ಕಿಲೋಮೀಟರ್. ಸಹಜವಾಗಿ ರೂಪುಗೊಂಡ ಕಲ್ಲಿನ ಕಮಾನು, ಅದರಡಿ ಆದಿಮಾನವರು ತಂಗಿದ್ದ ಆಸರೆ, ಗೋಡೆಯಲ್ಲಿ ಅವರು ಬಿಡಿಸಿದ ಚಿತ್ರಗಳು. ಸಿಡಿಲು ಬಡಿದು ಬಂಡೆ ತೂತಾಯಿತೆಂದು ಊರವರ ಮಾತು. ಇಲ್ಲಿ ಜನ ದಾರಿ ತಪ್ಪುವುದಕ್ಕೆ ಕಾರಣ ದಾರಿಗಳ ಕೊರತೆಯಲ್ಲ, ಅವುಗಳ ಹೆಚ್ಚಳ. ದನ, ಕುರಿ ನಡೆದ ಜಾಡುಗಳು ಎಲ್ಲೆಡೆ ಕವಲೊಡೆದು, ಎಲ್ಲವೂ ಒಂದೇ ತರಹ ಕಾಣುತ್ತವೆ. ಕೊಳ್ಳಕ್ಕಿಳಿದರೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ, ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಬೇಕು. ಸ್ಥಳೀಯರೊಬ್ಬರನ್ನು ಜತೆಗೆ ಕರೆದೊಯ್ಯುವುದು ಎಲ್ಲಕ್ಕಿಂತ ಲೇಸು. ಚಿತ್ರಗಳು ಫೋಟೊದಲ್ಲಿ ಎದ್ದು ಕಾಣಲೆಂದು ಅವುಗಳ ಮೇಲೆ ನೀರು ಚಿಮುಕಿಸುವವರಿದ್ದಾರೆ. ದಯವಿಟ್ಟು ಬೇಡ. ಕಲ್ಲಿನೊಳಗಿನ ಲವಣ ಆ ನೀರಿನಲ್ಲಿ ಕರಗಿ, ಒಣಗುವಾಗ ಮೇಲ್ಮೈಗೆ ಬಂದು ಹರಳುಗಟ್ಟಿ, ಬಣ್ಣದ ಪದರವನ್ನೇ ಎಬ್ಬಿಸುತ್ತದೆ. ಸಾವಿರಾರು ವರ್ಷ ಉಳಿದದ್ದು ಒಂದು ಬಾಟಲಿ ನೀರಿಗೆ ಹಾಳಾಗಬಾರದು.

ಮಹಾಕೂಟಕ್ಕೆ ರಸ್ತೆ ಹಿಡಿದರೆ 14 ಕಿಲೋಮೀಟರ್ ಆಗುತ್ತದೆ, ಗುಡ್ಡ ದಾಟುವ ಹಳೆಯ ಕಾಲುದಾರಿ ಅದರ ಅರ್ಧಕ್ಕಿಂತ ಕಡಿಮೆ. ಕೊನೆಯಲ್ಲಿ ಚಿಲುಮೆಯ ಪುಷ್ಕರಣಿ, ಮರಗಳ ನೆರಳು ಇರುವುದರಿಂದ ಮೊದಲ ಸಲ ನಡೆಯುವವರಿಗೆ ಸಿಡಿಲಫಡಿಗಿಂತ ಇದೇ ವಾಸಿ. ಮರಳುವ ವಾಹನವನ್ನು ಮಾತ್ರ ಹೊರಡುವ ಮುನ್ನವೇ ಗೊತ್ತು ಮಾಡಿಕೊಳ್ಳಬೇಕು. ಅಲ್ಲಿದ್ದ ಮಂಗಳೇಶನ ಶಾಸನಸ್ತಂಭ ಈಗ ವಿಜಯಪುರದ ಗೋಳಗುಮ್ಮಟದ ಸಂಗ್ರಹಾಲಯದಲ್ಲಿದೆ, ಮಹಾಕೂಟದಲ್ಲಿ ಹುಡುಕಬೇಡಿ.

ನೀರನ್ನು ಮೂರು ಪಾಲು ಮಾಡಿಕೊಳ್ಳಬೇಕು: ಹೋಗಲು ಒಂದು, ಬರಲು ಒಂದು, ಆಪತ್ತಿಗೆ ಒಂದು. ಮೊದಲ ಪಾಲು ಮುಗಿದ ಜಾಗದಿಂದ, ಗುರಿ ಕಣ್ಣೆದುರೇ ಇದ್ದರೂ, ಹಿಂದಿರುಗಬೇಕು. ಬರೀ ನೀರನ್ನೇ ಕುಡಿಯುತ್ತಾ ಬೆವರಿದರೆ ರಕ್ತದಲ್ಲಿ ಉಪ್ಪು ತಗ್ಗಿ ತಲೆನೋವು, ವಾಂತಿ ಬರುತ್ತದೆ. ಅದನ್ನು ಬಾಯಾರಿಕೆ ಎಂದುಕೊಂಡು ಇನ್ನಷ್ಟು ನೀರು ಕುಡಿದರೆ ಸ್ಥಿತಿ ಬಿಗಡಾಯಿಸುತ್ತದೆ. ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚಗಳನ್ನು ಗೀಚಿ ಸಮ ಮಾಡಿ ಅಳೆದದ್ದು, ಇದೊಂದು ಬಾಟಲಿ ಬೇರೆಯಾಗಿ ಇರಲಿ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಸಾಕು. ಬೆವರುತ್ತಾ ಸುಸ್ತಾದವನನ್ನು ನೆರಳಿಗೆ ಕರೆತಂದು ಕಾಲು ಎತ್ತರಿಸಿ ಮಲಗಿಸಿ ಈ ನೀರು ಕೊಟ್ಟರೆ ಸುಧಾರಿಸಿಕೊಳ್ಳುತ್ತಾನೆ. ಮಾತು ತೊದಲಿದರೆ, ಎಲ್ಲಿದ್ದೇನೆಂದು ತಿಳಿಯದಾದರೆ ಅದು ಹೀಟ್ ಸ್ಟ್ರೋಕ್. ಆಗ ಬಾಯಿಗೆ ಏನೂ ಹಾಕದೆ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಬೇಕು.

ಮರಳುಗಲ್ಲು ಒಣಗಿದ್ದಾಗ ಬೂಟಿಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಅದೇ ಕಲ್ಲಿನಿಂದ ಉದುರಿದ ಮರಳು ಹಾಸುಬಂಡೆಯ ಮೇಲೆ ಹರಡಿದ್ದರೆ ನೆಲದ ಮೇಲೆ ರಾಗಿ ಚೆಲ್ಲಿದಂತೆ, ಕಾಲು ನಿಲ್ಲುವುದಿಲ್ಲ. ಬೀಳುವುದು ಹೆಚ್ಚಾಗಿ ಇಳಿಯುವಾಗ. ಹಿಮ್ಮಡಿ ಊರದೆ ಇಡೀ ಪಾದ ಊರಿ, ಹೆಜ್ಜೆ ಚಿಕ್ಕದಾಗಿಸಿ ಇಳಿಯಬೇಕು. ಮಳೆಗಾಲದಲ್ಲಿ ಬಂಡೆಯ ಕಪ್ಪು ಪಟ್ಟಿಗಳ ಮೇಲೆ ಕಾಲಿಡಲೇಬಾರದು, ಅದು ಪಾಚಿ. ಕಡಿದಾದ ಅಂಚಿನ ಬಂಡೆಗಳು ನೇರ ಸೀಳಿ ನಿಂತಿರುತ್ತವೆ, ಕೆಲವು ಕಡೆ ಕೆಳಗೆ ಪೊಳ್ಳು. ಅಂಚಿನಿಂದ ಒಂದಾಳುದ್ದ ಹಿಂದೆ ನಿಂತರೂ ಕೆರೆ ಅಷ್ಟೇ ಚೆನ್ನಾಗಿ ಕಾಣುತ್ತದೆ.

ಬಂಡೆಗಳ ಮೇಲೆ ಹೆಜ್ಜೇನು ಕಟ್ಟುತ್ತದೆ. ಹೊಗೆ, ಕೂಗಾಟ, ಘಾಟು ಸೆಂಟು, ಡ್ರೋನ್ ಯಾವುದೂ ಬೇಡ. ಎದ್ದರೆ ಕೈ ಬೀಸದೆ ಮುಖ ಮುಚ್ಚಿ ಓಡಬೇಕು, ಚುಚ್ಚಿದ ಕೊಂಡಿಯನ್ನು ತಕ್ಷಣ ಉಗುರಿನಿಂದ ಕೆರೆದು ತೆಗೆಯಬೇಕು. ಕಾಣದ ಬಿರುಕಿಗೆ ಕೈ ಹಾಕಬಾರದು, ಉರಿಮಂಡಲವೆಂಬ ವಿಷದ ಹಾವು ಇಂಥ ಒಣ ಕಲ್ಲುನೆಲದ್ದೇ. ಮಂಗಗಳಿಗೆ ಕೈಯಲ್ಲಿರುವ ಪ್ಲಾಸ್ಟಿಕ್ ಚೀಲವೇ ಆಹ್ವಾನ, ಎಲ್ಲವೂ ಬೆನ್ನಚೀಲದೊಳಗಿರಲಿ.

ಇಷ್ಟು ಪ್ರವಾಸಿಗರ ಪಾಲಿನದು. ಉಳಿದದ್ದನ್ನು ಪ್ರವಾಸೋದ್ಯಮ, ಅರಣ್ಯ, ಪುರಾತತ್ವ ಇಲಾಖೆಗಳು ಒಟ್ಟಿಗೆ ಕೂತು ಮಾಡಬೇಕು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಅದು ಸರಿಯಾದ ನಿಯಮ, ನಾವು ಕೇಳುತ್ತಿರುವುದೂ ಕಟ್ಟಡವನ್ನಲ್ಲ. ದಾರಿಯ ಬಾಯಲ್ಲಿ ದೂರ, ಹಿಡಿಯುವ ಸಮಯ, ಕೊನೆಯ ನೀರಿನ ಜಾಗ ತೋರಿಸುವ ಫಲಕ. ಕವಲುಗಳಲ್ಲಿ ಸಂಖ್ಯೆ ಹೊತ್ತ ಗಿಡ್ಡ ಕಂಬ, ಯಾರಾದರೂ ಕಳೆದುಹೋದರೆ ಆ ಸಂಖ್ಯೆ ಹೇಳಿದರೆ ಸಾಕಾಗುವಂತೆ. ಬಂಡೆಗೆ ಬಣ್ಣದ ಬಾಣ ಮಾತ್ರ ಬೇಡ, 543ರಲ್ಲಿ ಒಂದನೆಯ ಪುಲಕೇಶಿ ಕೋಟೆ ಕಟ್ಟಿದ ಶಾಸನವಿರುವುದು ಈ ಗುಡ್ಡಗಳ ಬಂಡೆಯೊಂದರಲ್ಲೇ. ಹೋದವರ ಹೆಸರು, ಮರಳಿದ ವೇಳೆ ಬರೆಯುವ ಒಂದು ವಹಿ. ಪ್ರಥಮ ಚಿಕಿತ್ಸೆ ಕಲಿತ ಸ್ಥಳೀಯ ಯುವಕ ಯುವತಿಯರಿಗೆ ಮಾರ್ಗದರ್ಶಿ ಗುರುತಿನ ಚೀಟಿ ಮತ್ತು ನಿಗದಿತ ದರ. ಮಾರ್ಚ್‌ನಿಂದ ಮೇ ತನಕ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಸಿಡಿಲಫಡಿ ಮತ್ತು ಮಹಾಕೂಟದ ಕಾಲುದಾರಿಗಳಿಗೆ ಪ್ರವೇಶವಿಲ್ಲ ಎಂಬ ಆದೇಶ.

ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಕೂಡುತ್ತದೆ, ಜಾತ್ರೆಗೆ ಬಂದವರು ಬಾದಾಮಿಗೂ ಬರುತ್ತಾರೆ. ಬೇರೆಲ್ಲ ತಡವಾದರೂ ಫಲಕ ಮತ್ತು ವಹಿಯ ಕೆಲಸ ಅಷ್ಟರೊಳಗೆ ಆಗಲಿ ಎಂದು ಜಿಲ್ಲಾಡಳಿತವನ್ನು ಕೋರುತ್ತೇವೆ.

— ಚಾರಣಾಸಕ್ತರು, ಬಾಗಲಕೋಟೆ