ವೀಸಾ ಪಟ್ಟಿಯಲ್ಲಿ ಗಡಿಯ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಭಾರತೀಯರು ವೀಸಾ ಇಲ್ಲದೆಯೋ, ಮನೆಯಲ್ಲೇ ಕುಳಿತು ಇ-ವೀಸಾ ಪಡೆದೋ ಹೋಗಿಬರಬಹುದಾದ ದೇಶಗಳ ಪಟ್ಟಿಯೊಂದನ್ನು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಓದಿದೆ. ನಿವೃತ್ತರಾದ ಮೇಲೆ ನಾಲ್ಕು ಊರು ನೋಡಬೇಕೆಂಬ ಆಸೆಯುಳ್ಳ ನನ್ನಂಥವರಿಗೆ ಇಂತಹ ಬರಹಗಳು ಧೈರ್ಯ ಕೊಡುತ್ತವೆ, ಅದಕ್ಕಾಗಿ ಕೃತಜ್ಞನಾಗಿದ್ದೇನೆ. ಆದರೆ ಆ ಪಟ್ಟಿಯನ್ನು ವಿಮಾನದಲ್ಲಿ ಹೋಗಿ ವಿಮಾನದಲ್ಲೇ ಮರಳುವವರನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಸಿದ್ಧಪಡಿಸಿದಂತಿದೆ. ಬಸ್ಸಿನಲ್ಲೋ ರೈಲಿನಲ್ಲೋ ಒಂದು ದೇಶದಿಂದ ಇನ್ನೊಂದಕ್ಕೆ ನೆಲದ ಮೇಲೆಯೇ ದಾಟಿ ಹೋಗುವವರು ಅದನ್ನು ಹಾಗೆಯೇ ನಂಬಿ ಹೊರಟರೆ ಗಡಿಯಲ್ಲಿ ನಿಲ್ಲಬೇಕಾಗುತ್ತದೆ. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ.

2025ರ ಫೆಬ್ರುವರಿಯಲ್ಲಿ ನಾನು, ನನ್ನ ಪತ್ನಿ, ನನ್ನ ಷಡ್ಡಕ ಹಾಗೂ ಅವರ ಮಡದಿ, ಹೀಗೆ ನಾಲ್ವರು ವಿಯೆಟ್ನಾಂನ ರಾಜಧಾನಿ ಹನೋಯಿಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಡಿಯೆನ್ ಬಿಯೆನ್ ಫು ಮಾರ್ಗವಾಗಿ ಲಾವೋಸ್ ಪ್ರವೇಶಿಸಿ, ಲುಆಂಗ್ ಪ್ರಬಾಂಗ್, ವಿಯೆಂಟಿಯಾನ್, ಸವನ್ನಖೇತ್‌ಗಳನ್ನು ನೋಡಿಕೊಂಡು, ಮತ್ತೆ ವಿಯೆಟ್ನಾಂನ ಹ್ಯೂ ನಗರಕ್ಕೆ ಬಂದು, ದಕ್ಷಿಣಕ್ಕೆ ಇಳಿದು ಕಾಂಬೋಡಿಯಾ ದಾಟಿ ಬ್ಯಾಂಕಾಕ್ ತಲುಪುವ ಯೋಜನೆ ಹಾಕಿಕೊಂಡಿದ್ದೆವು. ವೀಸಾ ಕೆಲಸವನ್ನು ಒಬ್ಬ ಏಜೆಂಟರಿಗೆ ಒಪ್ಪಿಸಿದ್ದೆವು. ಅವರು ಕಳಿಸಿದ ವಿಯೆಟ್ನಾಂ ಇ-ವೀಸಾದಲ್ಲಿ ನಮ್ಮ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, 90 ದಿನಗಳ ಅವಧಿ ಎಲ್ಲವೂ ಸರಿಯಾಗಿದ್ದವು. ತೊಂಬತ್ತು ದಿನ ಎಂದು ಓದಿದೊಡನೆ ನಾವು ನಿಶ್ಚಿಂತರಾದೆವು, ಕೆಳಗಿನ ಸಾಲನ್ನು ಯಾರೂ ಓದಲಿಲ್ಲ.

ಸವನ್ನಖೇತ್‌ನಿಂದ ಬೆಳಿಗ್ಗೆ ಹೊರಟ ಬಸ್ಸು ಸುಮಾರು 240 ಕಿಲೋಮೀಟರ್ ಸಾಗಿ ದಾನ್‌ಸವನ್ ಗಡಿಗೆ ಬಂದು ನಿಂತಿತು. ಲಾವೋಸ್ ಕಡೆಯ ಅಧಿಕಾರಿ ನಿರ್ಗಮನದ ಸೀಲು ಹೊಡೆದರು. ನಾವು ಚೀಲಗಳನ್ನು ಎಳೆದುಕೊಂಡು ಬಿಸಿಲಿನಲ್ಲಿ ನಡೆದು, ಎದುರಿಗಿದ್ದ ಲಾವ್ ಬಾವ್ ಠಾಣೆಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆವು. ಅಲ್ಲಿದ್ದ ಯುವ ಅಧಿಕಾರಿ ನಮ್ಮ ಕಾಗದವನ್ನು ಮೇಜಿನ ಮೇಲೆ ಹರಡಿ, ಪೆನ್ನಿನ ಮುಚ್ಚಳವನ್ನು ಒಂದು ಸಾಲಿನ ಕೆಳಗೆ ಮೆಲ್ಲನೆ ಓಡಿಸಿದರು. ಅಲ್ಲಿ ಸಿಂಗಲ್ ಎಂಟ್ರಿ ಎಂದಿತ್ತು. ಹನೋಯಿಯಲ್ಲಿ ಇಳಿದ ದಿನವೇ ಆ ಒಂದು ಪ್ರವೇಶ ಮುಗಿದಿತ್ತು. ಡಿಯೆನ್ ಬಿಯೆನ್ ಫು ಬಳಿಯ ಗಡಿ ದಾಟಿ ಹೊರಗೆ ಹೋದಾಗ, ಇನ್ನೂ ಅರವತ್ತಕ್ಕೂ ಹೆಚ್ಚು ದಿನ ಉಳಿದಿದ್ದ ಆ ವೀಸಾ ನಮ್ಮ ಪಾಲಿಗೆ ಬರಿಯ ಕಾಗದವಾಗಿತ್ತು.

ಬಸ್ಸು ನಮ್ಮನ್ನು ಬಿಟ್ಟು ಹೊರಟಿತು. ನಾವು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆವು. ಲಾವೋಸ್ ಅಧಿಕಾರಿ ಸಹೃದಯರು, ತಾವು ಅರ್ಧ ಗಂಟೆಯ ಹಿಂದೆ ಹೊಡೆದ ಸೀಲಿನ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿ ಒಳಗೆ ಬಿಟ್ಟುಕೊಂಡರು. ಅವರು ಒಪ್ಪದೇ ಇದ್ದಿದ್ದರೆ ಹೊಸದಾಗಿ ಲಾವೋಸ್ ವೀಸಾ ಕೊಳ್ಳಬೇಕಾಗುತ್ತಿತ್ತು. ಮತ್ತೆ ಸವನ್ನಖೇತ್‌ಗೆ ಬಂದು, ಹೊಸ ಇ-ವೀಸಾಕ್ಕೆ ಅರ್ಜಿ ಹಾಕಿ, ನಡುವೆ ಶನಿವಾರ ಭಾನುವಾರಗಳು ಸೇರಿದ್ದರಿಂದ ಐದು ದಿನ ಕಾದೆವು. ಹ್ಯೂನಲ್ಲಿ ಮುಂಗಡ ಕೊಟ್ಟಿದ್ದ ಕೊಠಡಿಯ ಹಣವೂ, ದಕ್ಷಿಣಕ್ಕೆ ಹೋಗುವ ರೈಲಿನ ಟಿಕೆಟ್ಟಿನ ಹಣವೂ ಹೋದವು. ವಿಯೆಟ್ನಾಂ 2023ರ ಆಗಸ್ಟ್ 15ರಿಂದಲೇ ಮಲ್ಟಿಪಲ್ ಎಂಟ್ರಿ ಇ-ವೀಸಾವನ್ನೂ ಕೊಡುತ್ತಿದೆ. ಸಿಂಗಲ್‌ಗೆ 25 ಡಾಲರ್, ಮಲ್ಟಿಪಲ್‌ಗೆ 50 ಡಾಲರ್. ಒಬ್ಬೊಬ್ಬರಿಗೆ 25 ಡಾಲರ್ ಹೆಚ್ಚಿಗೆ ಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಏಜೆಂಟರನ್ನು ಕೇಳಿದಾಗ, ನೀವು ವಿಯೆಟ್ನಾಂಗೆ ಎರಡು ಸಲ ಹೋಗುತ್ತೀರೆಂದು ಹೇಳಲೇ ಇಲ್ಲವಲ್ಲ ಎಂದರು. ನಾವು ಪ್ರಯಾಣದ ಪಟ್ಟಿಯನ್ನೇ ಕೊಟ್ಟಿದ್ದೆವು, ಅವರು ಅದರಲ್ಲಿ ದೇಶಗಳ ಹೆಸರನ್ನಷ್ಟೇ ನೋಡಿದ್ದರು.

ಅದೇ ಅರ್ಜಿಯಲ್ಲಿ ಇನ್ನೊಂದು ಪ್ರಶ್ನೆಯೂ ಇರುತ್ತದೆ. ಯಾವ ಗಡಿ ಠಾಣೆಯಿಂದ ಒಳಗೆ ಬರುತ್ತೀರಿ, ಯಾವುದರಿಂದ ಹೊರಗೆ ಹೋಗುತ್ತೀರಿ ಎಂದು ಕೇಳುತ್ತಾರೆ. ವಿಮಾನ ನಿಲ್ದಾಣದ ಹೆಸರನ್ನು ಅಭ್ಯಾಸಬಲದಿಂದ ತುಂಬಿ, ಆಮೇಲೆ ಬಸ್ಸಿನಲ್ಲಿ ಬೇರೆ ಗಡಿಗೆ ಹೋದರೆ ವೀಸಾದಲ್ಲಿ ಒಂದು ಠಾಣೆ, ನಿಂತದ್ದು ಇನ್ನೊಂದು ಠಾಣೆ ಎಂದಾಗುತ್ತದೆ. ಇ-ವೀಸಾವನ್ನು ಎಲ್ಲ ಗಡಿಗಳಲ್ಲೂ ಒಪ್ಪುವುದಿಲ್ಲ. ವಿಯೆಟ್ನಾಂ, ಲಾವೋಸ್, ರಷ್ಯಾಗಳು ಅದನ್ನು ಒಪ್ಪುವ ಠಾಣೆಗಳ ಪಟ್ಟಿಯನ್ನೇ ಇಟ್ಟುಕೊಂಡಿವೆ. ದಿನದ ಲೆಕ್ಕವೂ ಒಂದೇ ಬಗೆಯದಲ್ಲ. ವಿಯೆಟ್ನಾಂನ 90 ದಿನಗಳು ವೀಸಾದಲ್ಲಿ ಬರೆದ ತಾರೀಖಿನಿಂದಲೇ ಓಡತೊಡಗುತ್ತವೆ, ನಾವು ತಡವಾಗಿ ಹೋದರೆ ಆ ದಿನಗಳು ಹೋದಂತೆಯೇ. ಲಾವೋಸ್ ಗಡಿಯಲ್ಲಿ ಕೊಡುವ 30 ದಿನಗಳು ಕಾಲಿಟ್ಟ ದಿನದಿಂದ ಶುರುವಾಗುತ್ತವೆ. ಎರಡು ತಿಂಗಳ ಪ್ರಯಾಣದ ಕೊನೆಯಲ್ಲಿ ಬರುವ ದೇಶಕ್ಕೆ ಮೊದಲೇ ವೀಸಾ ಮಾಡಿಸಿಟ್ಟುಕೊಳ್ಳುವ ಉತ್ಸಾಹಿಗಳು ಈ ವ್ಯತ್ಯಾಸವನ್ನು ಗಮನಿಸಲೇಬೇಕು.

ತಮ್ಮ ಪುರವಣಿಯ ಪಟ್ಟಿಯಂತಹವು ಎಷ್ಟರಮಟ್ಟಿಗೆ ದಾರಿ ತಪ್ಪಿಸಬಲ್ಲವು ಎಂಬುದಕ್ಕೆ ಇರಾನ್ ತಕ್ಕ ಉದಾಹರಣೆ. 2024ರ ಫೆಬ್ರುವರಿ 4ರಿಂದ ಭಾರತೀಯರಿಗೆ ಇರಾನ್‌ನಲ್ಲಿ ವೀಸಾ ಬೇಡ ಎಂಬ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ದೊಡ್ಡದಾಗಿ ಬಂತು. ಆದರೆ ಆ ವಿನಾಯಿತಿ ಪ್ರವಾಸಕ್ಕೆ ಮಾತ್ರ, ಆರು ತಿಂಗಳಿಗೊಮ್ಮೆ, ಗರಿಷ್ಠ 15 ದಿನ, ಅದೂ ವಿಮಾನದಲ್ಲಿ ಬಂದಿಳಿದವರಿಗೆ ಮಾತ್ರ. ತುರ್ಕಿಯಿಂದಲೋ ಅರ್ಮೇನಿಯಾದಿಂದಲೋ ರಸ್ತೆಯಲ್ಲಿ ಬರುವವನಿಗೆ ವೀಸಾ ಬೇಕೇ ಬೇಕಿತ್ತು. ಈ ಕೊನೆಯ ಷರತ್ತು ಶೀರ್ಷಿಕೆಯಲ್ಲಿ ಎಲ್ಲಿಯೂ ಕಾಣಲಿಲ್ಲ. 2025ರ ನವೆಂಬರ್ 22ರಿಂದ ಇರಾನ್ ಆ ವಿನಾಯಿತಿಯನ್ನೇ ಅಮಾನತಿನಲ್ಲಿಟ್ಟಿತು. ಅದಕ್ಕಿಂತ ಹಳೆಯ ಪಟ್ಟಿಗಳು ಮಾತ್ರ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಲೇ ಇವೆ.

ಕೆಲವೊಮ್ಮೆ ವೀಸಾ ಸರಿಯಾಗಿಯೇ ಇರುತ್ತದೆ, ಗಡಿಯೇ ಇರುವುದಿಲ್ಲ. ಅಜರ್‌ಬೈಜಾನ್ ಕೆಲವೇ ದಿನಗಳಲ್ಲಿ ಇ-ವೀಸಾ ಕೊಡುತ್ತದೆ, ಆದರೆ 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಮುಚ್ಚಿದ ಭೂಗಡಿಗಳನ್ನು, ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸುತ್ತಾ, 2025ರ ವರ್ಷವಿಡೀ ಪ್ರಯಾಣಿಕರಿಗೆ ತೆರೆಯಲಿಲ್ಲ. ನೆರೆಯ ಜಾರ್ಜಿಯಾದ ಟಿಬಿಲಿಸಿಯಿಂದ ರೈಲಿನಲ್ಲಿ ಅಜರ್‌ಬೈಜಾನಿನ ರಾಜಧಾನಿ ಬಾಕುವಿಗೆ ಹೋಗೋಣವೆಂದು ಇ-ವೀಸಾಕ್ಕೆ ಹಣ ಕಟ್ಟಿದವರಿಗೆ ಆ ಕಾಗದ ವಿಮಾನ ನಿಲ್ದಾಣದಲ್ಲಿ ಬಿಟ್ಟು ಬೇರೆಲ್ಲೂ ಉಪಯೋಗಕ್ಕೆ ಬರಲಿಲ್ಲ. ನಾವೇ 2025ರ ಮಾರ್ಚ್‌ನಲ್ಲಿ ಪೋಯ್‌ಪೆಟ್ ಗಡಿಯಲ್ಲಿ ನಡೆದು ಕಾಂಬೋಡಿಯಾದಿಂದ ಥಾಯ್ಲೆಂಡಿಗೆ ದಾಟಿದೆವು. ಮೂರು ತಿಂಗಳು ಕಳೆದು, ಜೂನ್ ತಿಂಗಳಿನಲ್ಲಿ, ಎರಡು ದೇಶಗಳ ನಡುವಿನ ವ್ಯಾಜ್ಯದಿಂದಾಗಿ ಪ್ರವಾಸಿಗರಿಗೆ ಆ ಗಡಿ ಮುಚ್ಚಿಹೋಯಿತು, ಜುಲೈನಲ್ಲಿ ಗುಂಡಿನ ಕಾಳಗವೇ ನಡೆಯಿತು. ಆ ದಿನಗಳಲ್ಲೂ ಎರಡೂ ದೇಶಗಳು ವೀಸಾ ಪಟ್ಟಿಗಳಲ್ಲಿ ಸುಲಭ ದೇಶಗಳೆಂದೇ ಇದ್ದವು.

ಯೂರೋಪಿನ ವಿಷಯವನ್ನೂ ಹೇಳಬೇಕು, ಏಕೆಂದರೆ ಮಕ್ಕಳು ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿರುವ ಕುಟುಂಬಗಳು ನಮ್ಮ ಹಾಸನದಲ್ಲೇ ಹಲವು ಇವೆ. ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಶೆಂಗನ್ ವೀಸಾ ಒಂದಿದ್ದರೆ ಯೂರೋಪೆಲ್ಲ ತಿರುಗಬಹುದು ಎಂಬ ಮಾತು ರೂಢಿಯಲ್ಲಿದೆ. ವೀಸಾ ಸ್ಟಿಕ್ಕರಿನ ಮೇಲೆ ಪ್ರವೇಶಗಳ ಸಂಖ್ಯೆ ಎಂಬಲ್ಲಿ 1, 2 ಅಥವಾ ಮಲ್ಟ್ (ಹಲವು ಸಲ) ಎಂದು ಅಚ್ಚಾಗಿರುತ್ತದೆ. ಅಲ್ಲಿ 1 ಎಂದಿದ್ದು, ಕ್ರೊಯೇಷಿಯಾದಿಂದ ಬಸ್ಸಿನಲ್ಲಿ, ಶೆಂಗನ್ ವಲಯದ ಹೊರಗಿರುವ ಸರ್ಬಿಯಾಕ್ಕೆ ಹೋದರೆ, ಮಕ್ಕಳ ಮನೆಗೆ ಮರಳುವ ಬಾಗಿಲು ಮುಚ್ಚಿತೆಂದೇ ತಿಳಿಯಬೇಕು. ಕ್ರೊಯೇಷಿಯಾ 2023ರ ಜನವರಿ 1ರಂದು ಶೆಂಗನ್ ವಲಯದೊಳಗೆ ಬಂತು. ಅದೇ ದಿನದಿಂದ ಸರ್ಬಿಯಾ ಭಾರತೀಯರಿಗೆ ಕೊಟ್ಟಿದ್ದ ವೀಸಾ ವಿನಾಯಿತಿಯನ್ನು ಹಿಂತೆಗೆದುಕೊಂಡಿತು. ಇನ್ನು ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಶೆಂಗನ್ ವಲಯದಲ್ಲಿ ಇರುವಂತಿಲ್ಲ ಎಂಬ ನಿಯಮದಲ್ಲಿ ಬಂದ ದಿನವೂ ಹೋದ ದಿನವೂ ಪೂರ್ತಿ ದಿನಗಳಾಗಿಯೇ ಎಣಿಕೆಯಾಗುತ್ತವೆ. ಅರ್ಜಿ ಹಾಕುವ ಕ್ರಮಕ್ಕೂ ಬೆಲೆಯಿದೆ. ತುರ್ಕಿಯ ಇ-ವೀಸಾ ಪಡೆಯಲು ಭಾರತೀಯರ ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಶೆಂಗನ್, ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡಿನ ವೀಸಾ ಇಲ್ಲವೇ ವಾಸದ ಪರವಾನಗಿ ಇರಬೇಕು. ಆದ್ದರಿಂದ ಶೆಂಗನ್ ವೀಸಾ ಕೈಸೇರಿದ ಮೇಲೆಯೇ ತುರ್ಕಿಯ ಅರ್ಜಿ ತುಂಬಬೇಕು, ಮತ್ತು ಇಸ್ತಾಂಬುಲ್ ಪ್ರಯಾಣದ ಹೊತ್ತಿಗೆ ಅದರ ಅವಧಿ ಮುಗಿದಿರಬಾರದು.

ಇನಿಷಿಯಲ್ ಬಳಸುವ ನಮ್ಮ ಕಡೆಯವರಿಗೆ ಹೆಸರಿನದೂ ಒಂದು ತೊಡಕು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿರುವವರ ಹೆಸರನ್ನು ಏಜೆಂಟರು ಒಂದು ದೇಶದ ಅರ್ಜಿಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ತುಂಬುತ್ತಾರೆ. ಇ-ವೀಸಾ ಬಂದೊಡನೆ ಅದನ್ನೂ ಪಾಸ್‌ಪೋರ್ಟನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡುವ ಕೆಲಸವನ್ನು ಪ್ರಯಾಣಿಕರೇ ಮಾಡಿಕೊಳ್ಳಬೇಕು.

ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಇನ್ನು ಮುಂದೆ ಇಂತಹ ಪಟ್ಟಿ ಪ್ರಕಟಿಸುವಾಗ ದೇಶದ ಹೆಸರಿನ ಎದುರು, ಈ ಸೌಲಭ್ಯ ವಿಮಾನಕ್ಕೆ ಮಾತ್ರವೋ ಭೂಗಡಿಗೂ ಇದೆಯೋ, ಎಷ್ಟು ಸಲ ಒಳಗೆ ಹೋಗಬಹುದು, ದಿನಗಳ ಎಣಿಕೆ ಎಂದಿನಿಂದ ಶುರು, ಮಾಹಿತಿಯನ್ನು ಯಾವ ತಾರೀಖಿನಂದು ಪರಿಶೀಲಿಸಲಾಗಿದೆ ಎಂಬುದನ್ನೂ ಅಚ್ಚು ಹಾಕಿಸಬೇಕು. ಜಾಗ ಸಾಲದಿದ್ದರೆ ನಲವತ್ತು ದೇಶಗಳ ಬದಲು ಹತ್ತು ದೇಶಗಳಿರಲಿ. ನಮ್ಮ ಬೀದಿಯ ಹಿರಿಯ ದಂಪತಿಗಳಿಬ್ಬರು ಆ ಪುಟವನ್ನು ಕತ್ತರಿಸಿ ದೇವರ ಕೋಣೆಯ ಗೂಡಿನಲ್ಲಿ ಪಾಸ್‌ಪೋರ್ಟಿನ ಜೊತೆಗೆ ಇಟ್ಟುಕೊಂಡಿದ್ದಾರೆ. ಯುಗಾದಿ ಕಳೆದ ಮೇಲೆ ಹನೋಯಿಯಿಂದ ಲಾವೋಸಿಗೆ ಹೋಗಿ ಅದೇ ದಾರಿಯಲ್ಲಿ ಮರಳುವ ಆಲೋಚನೆ ಅವರದು. ಅವರು ಅರ್ಜಿ ತುಂಬುವ ಮೊದಲು ತಮ್ಮ ಪುರವಣಿಯಲ್ಲಿ ತಿದ್ದುಪಡಿಯೊಂದು ಬಂದರೆ ಬಹಳ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ಹಾಸನ