ಜಾಲತಾಣ ನಡೆಸುವವರ ಗಮನಕ್ಕೆ: ಫೀಡ್‌ನಲ್ಲಿ ಪೂರ್ತಿ ಬರಹ ಕೊಡಿ

ಎಲ್ಲರಿಗೂ ನಮಸ್ಕಾರ.

ಸ್ವಂತ ತಾಣ ಇರುವವರು ಈ ಭಾನುವಾರ ರಾತ್ರಿ 9ರೊಳಗೆ ತಮ್ಮ ವೆಬ್ ಫೀಡನ್ನು (ಹೊಸ ಬರಹಗಳನ್ನು ಓದುಗರಿಗೆ ತಾನಾಗಿಯೇ ತಲುಪಿಸುವ ವ್ಯವಸ್ಥೆ) ಫೀಡ್ಲಿಯಂಥ ಯಾವುದಾದರೂ ರೀಡರ್‌ನಲ್ಲಿ (ಹಲವು ತಾಣಗಳ ಫೀಡನ್ನು ಒಂದೇ ಕಡೆ ಓದಿಸುವ ಆ್ಯಪ್) ತೆರೆದು ನೋಡಿ. ಬರಹ ನಾಲ್ಕೈದು ಸಾಲಿಗೇ ನಿಂತು ಕೊನೆಯಲ್ಲಿ […] ಕಂಡರೆ ಅದು ತುಂಡು ಫೀಡ್.

ವರ್ಡ್‌ಪ್ರೆಸ್: ಸೆಟ್ಟಿಂಗ್ಸ್ – ರೀಡಿಂಗ್‌ಗೆ ಹೋಗಿ, ಫೀಡ್‌ಗೆ ‘ಫುಲ್ ಟೆಕ್ಸ್ಟ್’ ಆರಿಸಿ ಸೇವ್ ಮಾಡಿ. ‘ಎಕ್ಸರ್ಪ್ಟ್’ ಇದ್ದರೆ ಸಾಮಾನ್ಯವಾಗಿ 55 ಪದಕ್ಕೆ ಕತ್ತರಿ ಬೀಳುತ್ತದೆ. ಕ್ಯಾಶ್ ಪ್ಲಗಿನ್ (ಪುಟಗಳ ಪ್ರತಿ ಉಳಿಸಿಟ್ಟುಕೊಂಡು ಬೇಗ ತೋರಿಸುವ ಹೆಚ್ಚುವರಿ ತಂತ್ರಾಂಶ) ಇದ್ದರೆ ಅದರ ಕ್ಯಾಶನ್ನೂ ಖಾಲಿ ಮಾಡಿ, ಇಲ್ಲದಿದ್ದರೆ ಹಳೇ ಫೀಡೇ ಹೋಗುತ್ತಿರುತ್ತದೆ.

ಬ್ಲಾಗರ್: ಸೆಟ್ಟಿಂಗ್ಸ್ – ಸೈಟ್ ಫೀಡ್‌ನಲ್ಲಿ ‘ಫುಲ್’.

ರೀಡರ್‌ಗಳು ಹಳೇ ಬರಹದ ಪ್ರತಿಯನ್ನೇ ಇಟ್ಟುಕೊಂಡಿರಬಹುದು. ಹಾಗಾಗಿ ಹೊಸದೊಂದು ಬರಹ ಹಾಕಿದ ಮೇಲೆಯೇ ಪರೀಕ್ಷಿಸಿ. ಚಿತ್ರದ ಜಾಗ ಖಾಲಿ ಕಂಡರೆ ಬಹುತೇಕ ಲೇಜಿ ಲೋಡ್ (ಓದುಗ ಆ ಜಾಗಕ್ಕೆ ಬಂದಾಗಷ್ಟೇ ಚಿತ್ರ ತೆರೆಯುವ ಏರ್ಪಾಡು) ಕಾರಣ. ಫೀಡ್‌ಗೆ ಅದನ್ನು ಆಫ್ ಮಾಡಿ.

ಪೂರ್ತಿ ಕೊಟ್ಟರೆ ಬರಹ ಕದಿಯುತ್ತಾರೆ ಅನ್ನುವ ಭಯ ಕೆಲವರಿಗಿದೆ, ನಿಜ. ಆದರೆ ಕದಿಯುವವರು ಪುಟದಿಂದಲೇ ನಕಲು ಮಾಡಿಕೊಳ್ಳುತ್ತಾರೆ. ತುಂಡು ಫೀಡ್‌ನಿಂದ ತೊಂದರೆಯಾಗುವುದು ನೆಟ್‌ವರ್ಕ್ ಸಿಗದ ಘಾಟಿಯ ಬಸ್ಸಿನಲ್ಲಿ ಕೂತು ಓದುವ ಕಾಯಂ ಓದುಗರಿಗೆ. ಅಕ್ಷರ ದೊಡ್ಡದು ಮಾಡಿಕೊಂಡು ಓದುವ ಹಿರಿಯರಿಗೂ ರೀಡರ್ರೇ ಅನುಕೂಲ. ಬೇಕಿದ್ದರೆ ಪ್ರತಿ ಬರಹದ ಅಡಿಗೆ ಮೂಲ ಕೊಂಡಿ ಬರುವಂತೆ ಮಾಡಿ: ಬ್ಲಾಗರ್‌ನಲ್ಲಿ ‘ಪೋಸ್ಟ್ ಫೀಡ್ ಫೂಟರ್’, ವರ್ಡ್‌ಪ್ರೆಸ್‌ನಲ್ಲಿ ಪ್ಲಗಿನ್. ಜಾಹೀರಾತಿನ ಆದಾಯವನ್ನೇ ನಂಬಿದವರ ಕಷ್ಟ ಬೇರೆ. ಅಂಥವರು ಕೊನೇಪಕ್ಷ ಮೊದಲ ಮೂರು ಪ್ಯಾರಾ ಕೊಡಿ.

ಬದಲಾಯಿಸಿದವರು ತಾಣದ ಹೆಸರಿನ ಜೊತೆ ‘ಆಯ್ತು’ ಅಂತ ಇಲ್ಲಿ ಹಾಕಿ. ಸಿಕ್ಕಿಹಾಕಿಕೊಂಡರೆ ಸೆಟ್ಟಿಂಗ್ಸ್ ಪುಟದ ಸ್ಕ್ರೀನ್‌ಶಾಟ್ ಕಳಿಸಿ, ಪಾಸ್‌ವರ್ಡ್ ಮಾತ್ರ ಯಾರೂ ಹಾಕಬೇಡಿ.